ಮೋಟಾರಿನ ಉಸಿರು

ಒಂದು ಲೀಟರು ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ಎಷ್ಟು ಗಾಳಿ ಬೇಕು? ಈ ಪ್ರಶ್ನೆಯನ್ನು ನಮ್ಮ ವರ್ಗದ ಗೆಳೆಯರಿಗೆ ಹಾಕಿದಾಗ ಒಬ್ಬನು ಹತ್ತು ಲೀಟರು ಎಂದನು; ಮತ್ತೊಬ್ಬನು ಧೈರ್ಯಮಾಡಿ ನೂರು ಎಂದನು. ಲೆಕ್ಕ ಹೀಗಿದೆ: ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಒಂದು ಲೀಟರು ಪೆಟ್ರೋಲು ಮುಕ್ಕಾಲು ಕಿಲೋದಷ್ಟು ತೂಗುತ್ತದೆ. ಆದ್ದರಿಂದ ಅದಕ್ಕೆ ತಗಲುವ ಗಾಳಿ ಹತ್ತಿರ ಹತ್ತಿರ 11 ಕಿಲೋ. ಅದನ್ನೇ ಲೀಟರಿನಲ್ಲಿ ಅಳೆದರೆ ಸುಮಾರು 9,000 ಲೀಟರು! ಏಳು ಅಡಿ ಉದ್ದ, ಏಳು ಅಡಿ ಅಗಲ, ಏಳು ಅಡಿ ಎತ್ತರದ ಒಂದು ಕೋಣೆಯೊಳಗಿನ ಗಾಳಿಯೆಲ್ಲ ಹೆಚ್ಚುಕಡಿಮೆ ಒಂದು ಬಾಟಲಿ ಪೆಟ್ರೋಲಿಗೆ ಆಹುತಿ. ಮೋಟಾರು ಪೆಟ್ರೋಲಿನಿಂದ ಓಡುತ್ತದೆಂದು ನಾವು ಹೇಳುತ್ತೇವೆ. ಗಾಳಿಯಿಂದ ಓಡುತ್ತದೆಂದರೂ ಸುಳ್ಳಾಗಲಾರದು.

ನಾನು ಬಿ.ಎ. ವಿದ್ಯಾರ್ಥಿ, ಅರ್ಥಶಾಸ್ತ್ರ ನನ್ನ ವಿಷಯ. ಯಂತ್ರಶಾಸ್ತ್ರದ ಬಗ್ಗೆ ಬರೆಯುವ ಅಧಿಕಾರ ನನಗೆಲ್ಲಿಯದು ಎಂದು ಅಧ್ಯಾಪಕರು ಕೇಳಬಹುದು. ಅಧಿಕಾರವನ್ನು ನಾನು ಬೇಡಿ ಪಡೆದದ್ದಲ್ಲ, ಅದು ನಮ್ಮ ಮನೆಯವರು ಹೊರಿಸಿದ್ದು. ನಮ್ಮ ಊರು ನವಲಗುಂದ ತಾಲೂಕಿನ ಮೊರಬ. ಕಡಲೆ, ಹೆಸರು, ಹತ್ತಿ, ಗೋವಿನಜೋಳ ಬೆಳೆಯುವ ಎರೆಭೂಮಿ. ನನ್ನ ದೊಡ್ಡಪ್ಪನ ಮಗ ಎರಡು ವರ್ಷದ ಕಡಲೆಯ ರೊಕ್ಕ ಕೂಡಿಸಿ, ಉಳಿದದ್ದಕ್ಕೆ ಬ್ಯಾಂಕಿನ ಸಾಲ ಮಾಡಿ, ಹಳೆಯ ಸ್ವಿಫ್ಟ್ ಮೋಟಾರೊಂದನ್ನು ಕೊಂಡನು. ಆ ಮೋಟಾರು ಅವನೊಬ್ಬನ ಸೊತ್ತೆಂದು ಕಾಗದದಲ್ಲಿದೆಯೇ ಹೊರತು, ಓಣಿಯ ಲೆಕ್ಕದಲ್ಲಿ ಅದು ಎಲ್ಲರದು. ಬಸುರಿ ಹೆಂಗಸನ್ನು ಹುಬ್ಬಳ್ಳಿಯ ದವಾಖಾನೆಗೆ ಒಯ್ಯುವದು ಅದೇ. ಮದುವೆಯ ಜವಳಿಗೆ ಹೋಗುವದೂ ಅದೇ. ಅಣ್ಣನು ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ 'ಕೋಲ್ಡ್ ಏರ್ ಇಂಟೇಕ್' ಎಂಬ ಥಳಥಳಿಸುವ ಕೊಳವೆಯನ್ನು ಕಂಡು ಬಂದನು. ಬೆಲೆ ಎಂಟು ಸಾವಿರ ರೂಪಾಯಿ. ಅದನ್ನು ಹಾಕಿದರೆ ಗಾಡಿಗೆ ಬಲ ಬರುತ್ತದೆ, ಎಣ್ಣೆಯೂ ಉಳಿಯುತ್ತದೆ ಎಂದು ಅವನಿಗೆ ಯಾರೋ ಹೇಳಿದ್ದರು.

"ತಮ್ಮಾ, ನಮ್ಮ ಮನ್ಯಾಗ ಕಾಲೇಜ ಕಲತಾಂವ ನೀ ಒಬ್ಬನ. ಇದು ಖರೇನೋ ಸುಳ್ಳೋ ಓದಿ ನೋಡಿ ಹೇಳು. ರೊಕ್ಕ ಕೊಡಾಂವ ನಾ," ಎಂದನು.

ಎಂಟು ಸಾವಿರವೆಂದರೆ ಹಗುರಾದ ಮಾತಲ್ಲ. ಆದುದರಿಂದ ಗ್ರಂಥಾಲಯದಲ್ಲಿ ಸಿಕ್ಕ ಭೌತಶಾಸ್ತ್ರದ ಪುಸ್ತಕಗಳನ್ನು ಓದಿದೆ, ಊರ ಗ್ಯಾರೇಜಿನ ಮಿಸ್ತ್ರಿಯ ಬಳಿ ಕುಳಿತೆ, ಕೊನೆಗೆ ಅಣ್ಣನೂ ನಾನೂ ಕೂಡಿ ಕೊಳವೆಯನ್ನು ಹಾಕಿಯೂ ನೋಡಿದೆವು. ತಿಳಿದುದನ್ನು ವಿದ್ಯಾರ್ಥಿಬಂಧುಗಳ ಮುಂದಿಡುತ್ತೇನೆ. ನಮ್ಮಲ್ಲಿ ಅನೇಕರಿಗೆ ಗಾಡಿಯನ್ನು ಸಿಂಗರಿಸುವ ಹುಚ್ಚು ಇದ್ದೇ ಇದೆ.

ಮೊದಲು ತಂಪುಗಾಳಿಯ ಮಾತು. ಗಾಳಿ ಕಾದಂತೆ ಹಿಗ್ಗುತ್ತದೆ; ಹಿಗ್ಗಿದ ಗಾಳಿ ವಿರಳವಾಗಿರುತ್ತದೆ. ಸಮುದ್ರಮಟ್ಟದಲ್ಲಿ 20 ಅಂಶ ಸೆಲ್ಸಿಯಸ್ ಉಷ್ಣತೆಯ ಒಂದು ಘನಮೀಟರು ಗಾಳಿ ಸುಮಾರು 1.20 ಕಿಲೋ ತೂಗಿದರೆ, 40 ಅಂಶಕ್ಕೆ 1.13 ಕಿಲೋ, 60 ಅಂಶಕ್ಕೆ 1.06 ಕಿಲೋ ಮಾತ್ರ. ಎಂಜಿನ್ನಿನ ಸಿಲಿಂಡರು ಒಂದು ಗೊತ್ತಾದ ಅಳತೆಯ ಸೇರು ಇದ್ದಂತೆ. ಸೇರಿನಲ್ಲಿ ಜೋಳ ತುಂಬಿದರೂ ಒಂದೇ ಸೇರು, ಅರಳು ತುಂಬಿದರೂ ಒಂದೇ ಸೇರು. ಆದರೆ ತೂಕ ಒಂದೇ ಅಲ್ಲ. ಬಿಸಿಗಾಳಿ ಅರಳು, ತಂಪುಗಾಳಿ ಜೋಳ. ತೂಕ ಹೆಚ್ಚಾದಷ್ಟು ಪ್ರಾಣವಾಯು ಹೆಚ್ಚು, ಪ್ರಾಣವಾಯು ಹೆಚ್ಚಿದಷ್ಟು ಪೆಟ್ರೋಲನ್ನು ಉರಿಸಬಹುದು, ಉರಿದಷ್ಟು ಬಲ. ಬಾನೆಟ್ಟಿನ ಕೆಳಗಿನ ಗಾಳಿ ಪೇಟೆಯ ಗದ್ದಲದಲ್ಲಿ ನಿಂತಾಗ 60 ಅಂಶವನ್ನು ಸುಲಭವಾಗಿ ಮುಟ್ಟುತ್ತದೆ. ಆ ಗಾಳಿಯ ಬದಲು ಹೊರಗಿನ 35 ಅಂಶದ ಗಾಳಿಯನ್ನು ಕುಡಿಸಿದರೆ ಸಿಲಿಂಡರಿನಲ್ಲಿ ಪ್ರತಿಶತ ಎಂಟರಷ್ಟು ಹೆಚ್ಚು ಗಾಳಿ ಹಿಡಿಯುತ್ತದೆ. ಗಾಳಿ ತಂಪಾಗಿದ್ದರೆ ಪೆಟ್ರೋಲು ಹೊತ್ತಿಗೆ ಮುಂಚೆ ಸಿಡಿದು 'ಟಣಟಣ' ಎನ್ನುವ ಬಾಧೆಯೂ ಕಡಿಮೆ. ನಸುಕಿನಲ್ಲಿ ಗಾಡಿ ಹಗುರಾಗಿ ಓಡುತ್ತದೆಂದು ಚಾಲಕರು ಹೇಳುವ ಮಾತಿನಲ್ಲಿ ಸತ್ಯವಿದೆ.

ಇದು ಹೊಸ ಶೋಧವೇನೂ ಅಲ್ಲ. 1964ರಲ್ಲಿ ಅಮೇರಿಕೆಯ ಫೋರ್ಡ್ ಕಂಪನಿಯವರು ಪಂದ್ಯದ ಸಲುವಾಗಿ 'ಥಂಡರ್‌ಬೋಲ್ಟ್' ಎಂಬ ಗಾಡಿಗಳನ್ನು ಕಟ್ಟಿದಾಗ, ಮುಂದಿನ ನಾಲ್ಕು ದೀಪಗಳಲ್ಲಿ ಒಳಗಿನ ಎರಡನ್ನು ಕಿತ್ತು, ಆ ತೂತುಗಳಿಗೆ ಜಾಳಿಗೆ ಹಾಕಿ, ಅಲ್ಲಿಂದ ದಪ್ಪ ಕೊಳವೆಗಳ ಮೂಲಕ ಹೊರಗಿನ ಗಾಳಿಯನ್ನು ನೇರವಾಗಿ ಎಂಜಿನ್ನಿಗೆ ಒಯ್ದರು. ಕಣ್ಣು ಕಿತ್ತು ಮೂಗು ಮಾಡಿದಂತಾಯಿತು! 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆ ಅಂಡ್ ಎನ್ ಸಂಸ್ಥೆ ಹುಟ್ಟಿತು. ಎಣ್ಣೆ ಸವರಿದ ಹತ್ತಿಬಟ್ಟೆಯ, ತೊಳೆದು ಮತ್ತೆ ಬಳಸಬಹುದಾದ ಏರ್ ಫಿಲ್ಟರುಗಳು ಅದರ ಹೆಸರಿನಿಂದಲೇ ಲೋಕದಲ್ಲೆಲ್ಲ ಪ್ರಸಿದ್ಧವಾದವು. ಇಂದು ಅಂಗಡಿಯಲ್ಲಿ ಸಿಗುವ ಸಾಮಗ್ರಿ ಇವುಗಳ ಮೊಮ್ಮಗ: ಒಂದು ನುಣುಪಾದ ಕೊಳವೆ, ಅದರ ತುದಿಗೆ ಶಂಕುವಿನ ಆಕಾರದ ಫಿಲ್ಟರು, ಎಂಜಿನ್ನಿನ ಕಾವು ತಾಗದಂತೆ ಒಂದು ತಗಡಿನ ಮರೆ, ರಬ್ಬರಿನ ಜೋಡಣೆಗಳು, ಬಿಗಿಯುವ ಪಟ್ಟಿಗಳು.

ಇಲ್ಲಿಯವರೆಗೆ ಎಲ್ಲವೂ ಕೊಳವೆಯ ಪರವಾಗಿಯೇ ಇದೆ. ತೊಡಕು ಮುಂದಿದೆ. ಅಣ್ಣನ ಗಾಡಿಯ ಬಾನೆಟ್ ತೆರೆದು, ಕಂಪನಿಯವರು ಕೂಡ್ರಿಸಿದ ಕರಿಯ ಪ್ಲಾಸ್ಟಿಕ್ ಪೆಟ್ಟಿಗೆಯಿಂದ ಕೊಳವೆ ಎಲ್ಲಿಗೆ ಹೋಗುತ್ತದೆಂದು ಕೈಯಿಂದ ತಡವುತ್ತ ಹೋದೆವು. ಅದು ನೇರವಾಗಿ ಮುಂಭಾಗಕ್ಕೆ ಹೋಗಿ ಬಾಯಿ ತೆರೆದಿತ್ತು. ಎಂದರೆ ಗಾಡಿ ಕಾರಖಾನೆಯಿಂದ ಹೊರಬಿದ್ದ ದಿನದಿಂದಲೂ ಹೊರಗಿನ ತಂಪುಗಾಳಿಯನ್ನೇ ಕುಡಿಯುತ್ತಿದೆ! ಈಗಿನ ಬಹುತೇಕ ಎಲ್ಲ ಮೋಟಾರುಗಳೂ ಹೀಗೆಯೇ. ಪೆಟ್ಟಿಗೆಯನ್ನು ಕಿತ್ತು ಅಗ್ಗದ ಬರಿಯ ಶಂಕು ಫಿಲ್ಟರನ್ನು ಎಂಜಿನ್ನಿನ ಪಕ್ಕದಲ್ಲಿ ಮರೆಯಿಲ್ಲದೆ ಸಿಕ್ಕಿಸುವವರು ತಂಪುಗಾಳಿಯ ಹೆಸರಿನಲ್ಲಿ ಬಿಸಿಗಾಳಿಯನ್ನೇ ಕೊಂಡುಕೊಂಡಂತೆ. ಹುಬ್ಬಳ್ಳಿಯ ಹಾದಿಯಲ್ಲಿ ಇಂಥವು ಬೇಕಾದಷ್ಟು ಕಾಣಸಿಗುತ್ತವೆ. ಕೊಳ್ಳುವದೇ ಆದರೆ ಮರೆ ಇರುವದನ್ನು, ಹೊರಗಿನ ಗಾಳಿಯನ್ನು ನಿಜವಾಗಿಯೂ ಮುಟ್ಟುವದನ್ನು ಕೊಳ್ಳಬೇಕು.

ಇನ್ನೊಂದು ಸಂಗತಿ ನನಗೆ ಅತ್ಯಂತ ಸ್ವಾರಸ್ಯಕರವಾಗಿ ಕಂಡಿತು. ಪೆಟ್ರೋಲು ಎಂಜಿನ್ನಿನ ಗಂಟಲಲ್ಲಿ ಥ್ರಾಟಲ್ ಎಂಬ ಒಂದು ತಿರುಗುವ ಬಿಲ್ಲೆ ಇದೆ. ನಾವು ಕಾಲಿನಿಂದ ಒತ್ತುವ ಪೆಡಲು ತೆರೆಯುವದು ಪೆಟ್ರೋಲಿನ ನಳವನ್ನಲ್ಲ, ಈ ಬಿಲ್ಲೆಯನ್ನು. ಅರ್ಧ ಪೆಡಲಿನಲ್ಲಿ ಓಡುವಾಗ ಈ ಬಿಲ್ಲೆಯೇ ಬೇಕೆಂದು ಗಾಳಿಯನ್ನು ತಡೆಯುತ್ತಿರುತ್ತದೆ. ಊರ ಅಗಸಿಯ ಬಾಗಿಲನ್ನೇ ಅರ್ಧ ಮುಚ್ಚಿ, ಊರ ಹೊರಗಿನ ರಸ್ತೆಯನ್ನು ಎಷ್ಟು ಅಗಲ ಮಾಡಿದರೇನು? ಒಳಗೆ ಬರುವ ಚಕ್ಕಡಿಗಳ ಸಂಖ್ಯೆ ಹೆಚ್ಚುವದಿಲ್ಲ. ಪೆಡಲನ್ನು ಪೂರ್ತಿ ತುಳಿದು, ಎಂಜಿನ್ನು ಅತಿವೇಗದಲ್ಲಿ ತಿರುಗುವಾಗ ಮಾತ್ರ ಫಿಲ್ಟರಿನ ತಡೆ ಲೆಕ್ಕಕ್ಕೆ ಬರುತ್ತದೆ. 1,197 ಘನ ಸೆಂಟಿಮೀಟರಿನ ಸ್ವಿಫ್ಟ್ ಎಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುವಾಗ, ಎದೆ ತುಂಬ ಉಸಿರೆಳೆದರೆ, ಸುಮಾರು 1,800 ಲೀಟರು ಗಾಳಿ ಎಳೆಯುತ್ತದೆ. ಸಾಧಾರಣ ಓಟದಲ್ಲಿ ಬಿಲ್ಲೆ ಅಷ್ಟನ್ನು ಒಳಗೆ ಬಿಡುವದೇ ಇಲ್ಲ. ಇಷ್ಟು ಗಾಳಿಯನ್ನು ಶುಚಿಯಾದ ಕಾಗದದ ಫಿಲ್ಟರು ಸಾಕಷ್ಟು ಸಲೀಸಾಗಿ ಬಿಡುತ್ತದೆ. ನಮ್ಮ ಶಾಸ್ತ್ರದಲ್ಲಿ ಇಳಿಮುಖ ಪ್ರತಿಫಲವೆಂದು ಓದುತ್ತೇವಲ್ಲ, ಅದರ ಪಾಠ ಬಾನೆಟ್ಟಿನ ಕೆಳಗೂ ಇದೆ: ಎಲ್ಲಿ ಇಕ್ಕಟ್ಟಿಲ್ಲವೋ ಅಲ್ಲಿ ಹಣ ಸುರಿದರೆ ಫಲ ಅಲ್ಪ.

ಎಣ್ಣೆ ಉಳಿತಾಯದ ಮಾತಂತೂ ಇನ್ನೂ ದುರ್ಬಲ. ಹೊಗೆಯ ಕೊಳವೆಯಲ್ಲಿ ಕುಳಿತ ಆಕ್ಸಿಜನ್ ಸೆನ್ಸರ್ ಎಂಬ ಕಾವಲುಗಾರ ಉರಿದ ಹೊಗೆಯನ್ನು ಮೂಸಿ ನೋಡಿ ಗಾಡಿಯ ಗಣಕಯಂತ್ರಕ್ಕೆ ವರದಿ ಕೊಡುತ್ತಿರುತ್ತದೆ. ಗಣಕಯಂತ್ರವು ಸಾಧಾರಣ ಓಟದಲ್ಲಿ ಗಾಳಿ-ಪೆಟ್ರೋಲಿನ ಪ್ರಮಾಣವನ್ನು ಮತ್ತೆ ಅದೇ 14.7ಕ್ಕೆ ತಂದು ನಿಲ್ಲಿಸುತ್ತದೆ. ಗಾಳಿ ಹೆಚ್ಚು ಬಂದರೆ ಪೆಟ್ರೋಲನ್ನೂ ಹೆಚ್ಚು ಹಾಕುತ್ತದೆ. ಉಳಿತಾಯವೆಲ್ಲಿಂದ ಬಂತು?

ಇದನ್ನೆಲ್ಲ ಅಣ್ಣನಿಗೆ ಹೇಳಿದೆ. ಅವನು ತಾಳ್ಮೆಯಿಂದ ಕೇಳಿ, "ಇರಲಿ ಬಿಡು, ಹಾಕಿ ನೋಡೂಣು. ಓದಿದ್ದು ಬ್ಯಾರೆ, ನೋಡಿದ್ದು ಬ್ಯಾರೆ," ಎಂದನು. ವಿಜ್ಞಾನದ ವಿದ್ಯಾರ್ಥಿಗಳೂ ಈ ಮಾತಿಗೆ ಒಪ್ಪಲೇಬೇಕು.

ಹಾಕುವ ಕ್ರಮ ಹೊಸಬರಿಗೂ ಕಠಿಣವಲ್ಲ. ಅವಸರ ಮಾತ್ರ ಕೂಡದು. ಎಂಜಿನ್ನು ಸಂಪೂರ್ಣ ತಣ್ಣಗಾಗಿರಬೇಕು. ಮೊಟ್ಟಮೊದಲು ಬ್ಯಾಟರಿಯ ಋಣ ತುದಿಯ ತಂತಿಯನ್ನು ಹತ್ತು ನಂಬರ ಪಾನಾದಿಂದ ಸಡಿಲಿಸಿ ಬೇರೆ ಇಡಬೇಕು. ಇದರಿಂದ ಕಿಡಿ ಹಾರುವ ಭಯ ತಪ್ಪುತ್ತದೆ. ತರುವಾಯ ಹಳೆಯ ಪೆಟ್ಟಿಗೆಯನ್ನು ಬಿಚ್ಚುವ ಮುನ್ನ ಯಾವ ಕೊಳವೆ ಎಲ್ಲಿಗೆ ಕೂಡಿದೆ ಎಂಬದನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು, ಇಲ್ಲವೆ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಬೇಕು. ಪೆಟ್ಟಿಗೆಗೆ ದೊಡ್ಡ ಕೊಳವೆಯೊಂದೇ ಅಲ್ಲ, ಎಂಜಿನ್ನಿನ ಒಳಗಿನ ಎಣ್ಣೆಯ ಆವಿಯನ್ನು ತರುವ ಒಂದು ಸಣ್ಣ ರಬ್ಬರು ನಳಿಗೆಯೂ, ಗಾಳಿಯ ಉಷ್ಣತೆಯನ್ನೋ ಪ್ರಮಾಣವನ್ನೋ ಅಳೆಯುವ ಸೆನ್ಸರೂ ಅಂಟಿಕೊಂಡಿರುವದುಂಟು. ಸೆನ್ಸರಿನ ಪ್ಲಗ್ಗನ್ನು ತಂತಿ ಹಿಡಿದು ಜಗ್ಗಬಾರದು. ಅದರ ನಾಲಿಗೆಯನ್ನು ಒತ್ತಿ ಹಿಡಿದು ಪ್ಲಗ್ಗಿನ ಮೈಯನ್ನೇ ಎಳೆಯಬೇಕು. ಕೆಲವು ಗಾಡಿಗಳಲ್ಲಿ ಈ ಸೆನ್ಸರಿನೊಳಗೆ ಕೂದಲೆಳೆಯಂಥ ಕಾದ ತಂತಿ ಇರುತ್ತದೆ. ಬೆರಳು ತಾಗಿದರೂ ಅದು ಕೆಡುತ್ತದೆ. ಎಣ್ಣೆ ಸವರಿದ ಫಿಲ್ಟರಿಗೆ ಎಣ್ಣೆ ಅತಿಯಾದರೆ ಅದು ಹಾರಿ ಬಂದು ಈ ತಂತಿಗೆ ಅಂಟಿ ಅಳತೆ ತಪ್ಪಿಸುತ್ತದೆ.

ಪೆಟ್ಟಿಗೆ ಹೊರಬಂದ ಕೂಡಲೆ ಎಂಜಿನ್ನಿನ ತೆರೆದ ಗಂಟಲಿಗೆ ಶುಚಿಯಾದ ಅರಿವೆಯನ್ನು ಮುಚ್ಚಬೇಕು. ಒಂದು ಸಣ್ಣ ನಟ್ಟು ಒಳಗೆ ಜಾರಿದರೆ ಎಂಟು ಸಾವಿರದ ಲೆಕ್ಕ ಎಂಬತ್ತು ಸಾವಿರಕ್ಕೆ ಹೋಗುತ್ತದೆಂದು ಮಿಸ್ತ್ರಿ ಕಾಕಾ ಮೊದಲೇ ಎಚ್ಚರಿಸಿದ್ದರು. ಆಮೇಲೆ ತಗಡಿನ ಮರೆ, ಅದರ ಮೇಲೆ ಕೊಳವೆ, ಕೊಳವೆಗೆ ಸೆನ್ಸರು ಮತ್ತು ಸಣ್ಣ ನಳಿಗೆ, ಕೊನೆಗೆ ಫಿಲ್ಟರು. ಪಟ್ಟಿಗಳನ್ನು ಮೊದಲು ಸಡಿಲವಾಗಿಯೇ ಇಟ್ಟು, ಕೊಳವೆ ಬಾನೆಟ್ಟಿಗಾಗಲಿ ಬ್ಯಾಟರಿಗಾಗಲಿ ತಿಕ್ಕುವದಿಲ್ಲವೆಂದು ಖಾತ್ರಿಯಾದ ಮೇಲೆ ಬಿಗಿಯಬೇಕು. ಎಂಜಿನ್ನು ಅಲುಗುತ್ತಲೇ ಇರುವ ವಸ್ತು. ಒಂದು ಬೆರಳಷ್ಟು ಎಡೆ ಎಲ್ಲ ಕಡೆಗೂ ಬೇಕು. ಬ್ಯಾಟರಿ ಜೋಡಿಸಿ ಎಂಜಿನ್ನು ಚಾಲೂ ಮಾಡಿ, ಕಿವಿಗೊಟ್ಟು ಕೇಳಬೇಕು. 'ಸುಯ್' ಎಂಬ ಸದ್ದು ಜೋಡಣೆಯಿಂದ ಬಂದರೆ ಅಲ್ಲಿ ಸೋಸದ ಗಾಳಿ ಒಳಗೆ ನುಗ್ಗುತ್ತಿದೆಯೆಂದು ತಿಳಿಯಬೇಕು. ನಮಗೆ ಇಷ್ಟಕ್ಕೆಲ್ಲ ಒಂದು ಮುಂಜಾನೆ ಹಿಡಿಯಿತು.

ಫಲವೇನಾಯಿತು? ಸದ್ದು ಬದಲಾಯಿತು. ಪೆಡಲು ತುಳಿದಾಗ ಗಾಡಿ ಗುಟುರು ಹಾಕತೊಡಗಿತು. ಹಳೆಯ ಪೆಟ್ಟಿಗೆ ಗಾಳಿಯನ್ನು ಸೋಸುವದರೊಂದಿಗೆ ಅದರ ಸದ್ದನ್ನೂ ನುಂಗುತ್ತಿತ್ತು. ಅದು ಹೋದ ಮೇಲೆ ಸದ್ದು ಬಯಲಾಯಿತು. ಓಣಿಯ ಹುಡುಗರೆಲ್ಲ ಗಾಡಿಗೆ ಬಲ ಬಂದಿದೆಯೆಂದು ತೀರ್ಮಾನಿಸಿದರು. ಕಿವಿಗೆ ಕೇಳಿದ್ದನ್ನು ಬೆನ್ನು ನಂಬುತ್ತದೆ, ಏನು ಮಾಡುವದು! ಟಾಕಿ ತುಂಬಿಸಿ, ಓಡಿದ ಕಿಲೋಮೀಟರು ಬರೆದಿಟ್ಟು, ಮತ್ತೆ ತುಂಬಿಸಿ ನೋಡಿದಾಗ ಎಣ್ಣೆಯ ಖರ್ಚಿನಲ್ಲಿ ಎಣಿಸತಕ್ಕ ಅಂತರ ಕಾಣಲಿಲ್ಲ.

ನಮ್ಮ ಸೀಮೆಗೆ ನಿಜವಾಗಿ ಸಂಬಂಧಿಸಿದ ಪ್ರಶ್ನೆ ಬಲದ್ದಲ್ಲ, ಧೂಳಿನದು. ಎರೆಮಣ್ಣನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲಿ ಅದು ಅಂಟು, ಬೇಸಿಗೆಯಲ್ಲಿ ಬಿರುಕು, ಹಾದಿಯಲ್ಲಿ ಹಿಟ್ಟು. ಜೇಡಿಮಣ್ಣಿನ ಕಣಗಳು ಒಂದು ಮಿಲಿಮೀಟರಿನ ಸಾವಿರ ಭಾಗದಲ್ಲಿ ಎರಡು ಭಾಗಕ್ಕಿಂತಲೂ ಚಿಕ್ಕವು. ಹಾದಿಯ ಧೂಳಿನಲ್ಲಿ ಇವುಗಳ ಜೊತೆಗೆ ಗಟ್ಟಿಯಾದ ಮರಳಿನ ಸಣ್ಣ ಹರಳುಗಳೂ ಇರುತ್ತವೆ. ಸಿಲಿಂಡರಿನ ಗೋಡೆಗೂ ಪಿಸ್ಟನ್ನಿನ ಉಂಗುರಗಳಿಗೂ ನಡುವೆ ಎಣ್ಣೆಯ ಒಂದು ತೆಳುವಾದ ಪೊರೆ ಇದೆ. ಆ ಪೊರೆಯ ದಪ್ಪಕ್ಕೆ ಸಮನಾದ ಹರಳು ಒಳಗೆ ಹೊಕ್ಕರೆ ಎಣ್ಣೆಯೊಡನೆ ಕೂಡಿ ಸಾಣೆಯ ಪುಡಿಯಂತೆ ಕೆಲಸ ಮಾಡುತ್ತದೆ. ಆ ಸವಕಳಿ ಒಂದು ದಿನದಲ್ಲಿ ಕಾಣುವದಿಲ್ಲ. ಎರಡು ವರ್ಷದ ತರುವಾಯ ನೀಲಿ ಹೊಗೆ ಬಂದಾಗ ಕಾಣುತ್ತದೆ.

ಕಾಗದದ ಫಿಲ್ಟರು ಈ ವಿಷಯದಲ್ಲಿ ಬಹಳ ಸಮರ್ಥವಾದುದು. ಅದಕ್ಕೆ ಮಡಿಕೆಗಳು ಅನೇಕ. ಬಿಡಿಸಿ ಹಾಸಿದರೆ ಅಂಗಳದಲ್ಲಿ ಹಾಸುವಷ್ಟು ಅಗಲ. ಮೇಲೆ ಕೂತ ಧೂಳೇ ಮತ್ತೊಂದು ಜರಡಿಯಾಗಿ ಒಂದು ಮಟ್ಟದವರೆಗೆ ಅದರ ಸೋಸುವ ಶಕ್ತಿ ಹೆಚ್ಚುತ್ತಲೇ ಹೋಗುತ್ತದೆ. ಹತ್ತಿಬಟ್ಟೆಯ ಫಿಲ್ಟರು ಗಾಳಿಯನ್ನು ಸಲೀಸಾಗಿ ಬಿಡುವದು ಎಳೆಗಳ ನಡುವೆ ಎಡೆ ಇರುವದರಿಂದ. ಧೂಳನ್ನು ಹಿಡಿಯುವ ಭಾರವೆಲ್ಲ ಅದಕ್ಕೆ ಸವರಿದ ಎಣ್ಣೆಯ ಮೇಲೆ. ಎಣ್ಣೆ ಒಣಗಿತೋ, ಕಾವಲು ತಪ್ಪಿತು. ನವಲಗುಂದದ ಜಮಖಾನೆಯನ್ನು ಕೊಡವಿ ನೋಡಿದವರಿಗೆ ಬಟ್ಟೆ ಎಷ್ಟು ಧೂಳು ಹಿಡಿಯುತ್ತದೆ, ಎಷ್ಟು ಬಿಡುತ್ತದೆ ಎಂಬದು ಗೊತ್ತು.

ಕೊಳವೆ ಹಾಕುವ ಮುನ್ನ ನಾನು ಒಂದು ಕೆಲಸ ಮಾಡಿದ್ದೆ. ಅಪ್ಪನ ಹಳೆಯ ಬಿಳಿ ಧೋತರದ ತುಂಡಿನಿಂದ, ಹಳೆಯ ಫಿಲ್ಟರಿನ ಆಚೆಗೆ, ಎಂಜಿನ್ನಿನ ಕಡೆಯ ಕೊಳವೆಯ ಒಳಮೈಯನ್ನು ಒರೆಸಿ ನೋಡಿದ್ದೆ. ತುಂಡಿಗೆ ಬಂದದ್ದು ಎಣ್ಣೆಯಾವಿಯ ತಿಳಿಗಂದು ಬಣ್ಣ ಮಾತ್ರ. ಹೊಸ ಕೊಳವೆ ಹಾಕಿದ್ದು ಕಡಲೆ ರಾಶಿಯ ಕಾಲಕ್ಕೆ. ಗಾಡಿ ದಿನವೂ ಹೊಲದ ಹಾದಿಯಲ್ಲಿ ಟ್ರ್ಯಾಕ್ಟರುಗಳ ಹಿಂದೆ ಓಡಾಡಿತು. ತಿಂಗಳು ತುಂಬಿದ ಮೇಲೆ ಫಿಲ್ಟರು ತೆಗೆದು, ಅದೇ ಜಾಗದಲ್ಲಿ ಅದೇ ಧೋತರದ ಮತ್ತೊಂದು ತುಂಡಿನಿಂದ ಒರೆಸಿದೆ. ತುಂಡಿನ ಮೇಲೆ ಕಾಡಿಗೆಯಂಥ ಕರಿಯ ಗೆರೆ ಮೂಡಿತು. ಬೆರಳುಗಳ ನಡುವೆ ತಿಕ್ಕಿದರೆ ನುಣ್ಣಗಿನ ಮಣ್ಣು. ಅರಿವೆಯ ತುಂಡು ಪ್ರಯೋಗಶಾಲೆಯ ಸಾಕ್ಷ್ಯವಲ್ಲವೆಂಬದನ್ನು ಒಪ್ಪುತ್ತೇನೆ; ಒಳ್ಳೆಯ ಜಾತಿಯ ಫಿಲ್ಟರಿಗೆ ವೇಳೆವೇಳೆಗೆ ಎಣ್ಣೆ ಹಾಕಿ, ಡಾಂಬರಿನ ರಸ್ತೆಯಲ್ಲಿ ಓಡಿಸುವವರ ಅನುಭವ ಬೇರೆಯಾಗಿರಬಹುದು. ಆದರೆ ನಮ್ಮ ಹಾದಿ ಡಾಂಬರಿನದಲ್ಲ. ಅಣ್ಣ ಆ ತುಂಡನ್ನು ಬಹಳ ಹೊತ್ತು ನೋಡಿದನು. ಮಾತಾಡಲಿಲ್ಲ.

ಮಿಸ್ತ್ರಿ ಕಾಕಾ ಮಾತ್ರ ನಕ್ಕರು. "ಟ್ರ್ಯಾಕ್ಟರಿಗೆ ಮೂಗು ಮ್ಯಾಲ ಯಾಕ ಇಟ್ಟಾರ, ನೋಡೀಯೇನೋ?" ಎಂದು ಕೇಳಿದರು. ದಿನವೂ ಕಂಡಿದ್ದರೂ ನಾನು ಅದನ್ನು ಈ ದೃಷ್ಟಿಯಿಂದ ನೋಡಿರಲಿಲ್ಲ. ಹಲವು ಟ್ರ್ಯಾಕ್ಟರುಗಳ ಬಾನೆಟ್ಟಿನ ಮೇಲೆ ಎದ್ದು ನಿಂತ ಕೊಳವೆಯೊಂದಿದೆ. ಅದರ ತಲೆಯಲ್ಲಿ ಒಂದು ಬಟ್ಟಲು. ಗಾಲಿಯ ಧೂಳಿನಿಂದಲೂ ಎಂಜಿನ್ನಿನ ಕಾವಿನಿಂದಲೂ ದೂರ, ಎತ್ತರದಲ್ಲಿ ಅದು ಉಸಿರಾಡುತ್ತದೆ. ಬಟ್ಟಲಿನಲ್ಲಿ ಗಾಳಿ ಗರಗರ ತಿರುಗಿ ದಪ್ಪ ಧೂಳು ಬದಿಗೆ ಸಿಡಿದು ಬೀಳುತ್ತದೆ. ಅಲ್ಲಿಂದ ಇಳಿದ ಗಾಳಿ, ಹಳೆಯ ಮಾದರಿಗಳಲ್ಲಿ, ಎಣ್ಣೆ ತುಂಬಿದ ಬೋಗುಣಿಯ ಮೇಲೆ ಬಡಿದು ಹೊರಳುತ್ತದೆ. ಉಳಿದ ಧೂಳು ಎಣ್ಣೆಯಲ್ಲಿ ಮುಳುಗುತ್ತದೆ. ಎಂಟು ಸಾವಿರದ ಕೊಳವೆಗಿಂತ ಈ ಬೋಗುಣಿ ಜಾಣತನದ್ದೆಂದು ನನ್ನ ಮತ. ರಾಶಿಯ ಕಾಲದಲ್ಲಿ ಬೋಗುಣಿಯ ಎಣ್ಣೆಯನ್ನು ಬದಲಿಸುವಾಗ ತಳದಲ್ಲಿ ಕೂತ ರಾಡಿಯನ್ನು ಕಂಡವರು ನನ್ನ ಮಾತನ್ನು ಅಲ್ಲಗಳೆಯಲಾರರು.

ನೀರಿನ ವಿಷಯವನ್ನೂ ಹೇಳಬೇಕು. ಕೆಲವು ತಂಪುಗಾಳಿಯ ಕೊಳವೆಗಳು ಬಂಪರಿನ ಕೆಳಗೆ, ನೆಲದಿಂದ ಗೇಣೆರಡು ಗೇಣು ಎತ್ತರದಲ್ಲಿ ಬಾಯಿ ತೆರೆಯುತ್ತವೆ. ಗಾಳಿ ಅಲ್ಲಿ ತಂಪೇನೋ ಹೌದು. ಆದರೆ ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಸಿಲಿಂಡರಿಗೆ ನೀರು ಹೊಕ್ಕರೆ ಮೇಲೇರುವ ಪಿಸ್ಟನ್ನು ಗೋಡೆಗೆ ಹಾಯ್ದಂತಾಗಿ ಒಳಗಿನ ಸಲಾಕೆ ಬಾಗುತ್ತದೆ, ಮುರಿಯುವದೂ ಉಂಟು. 2019ರ ಆಗಸ್ಟಿನ ನೆರೆಯಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳಗಳು ಹೊಲಗಳ ಮೇಲೆ ಹರಿದುದನ್ನು ಕಂಡ ನಮ್ಮ ಭಾಗದವರು ಇಂಥ ಕೊಳವೆಯ ಹತ್ತಿರ ಹೋಗದಿರುವದೇ ಲೇಸು.

ಕಾಯ್ದೆಯ ಬಗ್ಗೆ ಸಂಕ್ಷೇಪವಾಗಿ: 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಗೊತ್ತುಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳದ ಪ್ರಕರಣವೊಂದರಲ್ಲಿ ಈ ಕಲಮನ್ನು ಬಿಗಿಯಾಗಿಯೇ ಅರ್ಥೈಸಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮು, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸುತ್ತದೆ. ಗಾಳಿಯ ಕೊಳವೆಯ ಹೆಸರು ಕಾಯ್ದೆಯಲ್ಲಿ ಬರುವದಿಲ್ಲ; ಆದರೂ ಮಾರ್ಪಾಡಿನ ಉತ್ಸಾಹಿಗಳು ಸೈಲೆನ್ಸರು, ಹಾರ್ನುಗಳಿಗೆ ಕೈಹಾಕುವ ಮುನ್ನ ಇದನ್ನು ಓದಿರಬೇಕು.

ನಮ್ಮ ಹಳೆಯ ಪೆಟ್ಟಿಗೆ ಒಂದು ಕ್ಲಿಪ್ಪೂ ಕಳೆಯದೆ ಅಟ್ಟದ ಮೇಲಿತ್ತು. ಮರುದಿನ ಅಣ್ಣನೇ ಅದನ್ನು ಇಳಿಸಿ ತಂದನು. ಹಾಕಲು ಈ ಸಲ ಅರ್ಧ ತಾಸು ಸಾಕಾಯಿತು. ಒಳಗೆ ಹೊಸ ಕಾಗದದ ಫಿಲ್ಟರು ಹಾಕಿದೆವು. ಕೊಳವೆಯ ಬೆಲೆಯಲ್ಲಿ ಅಂಥವು ಎಷ್ಟೋ ಬರುತ್ತವೆ. ಕೈಪಿಡಿಯಲ್ಲಿ ಬರೆದ ಅವಧಿಗೆ ಕಾಯದೆ, ರಾಶಿ ಮುಗಿದ ಮೇಲೊಮ್ಮೆ, ದೀಪಾವಳಿಯ ಗಾಡಿಪೂಜೆಯ ಮುಂಚೆ ಒಮ್ಮೆ ಅದನ್ನು ತೆಗೆದು ಬಿಸಿಲಿಗೆ ಹಿಡಿದು ನೋಡುವದೆಂದು ಗೊತ್ತುಮಾಡಿದ್ದೇವೆ. ಮಡಿಕೆಗಳ ಆಚೆಯಿಂದ ಬೆಳಕು ಕಾಣದಿದ್ದರೆ ಹೊಸದು. ಗಾಳಿಯ ಯಂತ್ರ ಹಿಡಿದು ಊದಿ ಶುಚಿಮಾಡುವ ರೂಢಿ ನಮ್ಮ ಗ್ಯಾರೇಜುಗಳಲ್ಲಿದೆ. ಜೋರಾಗಿ ಊದಿದರೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುವದರಿಂದ ನಾವು ಊದಿಸುವದಿಲ್ಲ, ಮೆಲ್ಲಗೆ ತಟ್ಟುತ್ತೇವೆ. ಕೊಳವೆ ಈಗ ಅಟ್ಟದ ಮೇಲಿದೆ. ಡಾಂಬರಿನ ಊರಿನವರು ಯಾರಾದರೂ ಕೇಳಿದರೆ ಕೊಡಲು ಅಣ್ಣ ಸಿದ್ಧನಿದ್ದಾನೆ, ಆದರೆ ಎಂಟು ಸಾವಿರಕ್ಕೆ ಒಂದು ಪೈಯೂ ಕಡಿಮೆಯಿಲ್ಲವಂತೆ.